ಬಣ್ಣಕ್ಕೆ ಮುಂಚಿನ ಕಾಯಕ

ಬಣ್ಣವು ಕೊರತೆಗಳನ್ನು ಮುಚ್ಚುತ್ತದೆ ಎಂಬುದು ಲೋಕರೂಢಿಯ ತಿಳಿವಳಿಕೆ. ಗೋಡೆಯ ಸುಣ್ಣದ ಮಟ್ಟಿಗೆ ಅದು ನಿಜವಿರಬಹುದು. ಆದರೆ ಮರದ ಎಳೆಗಳು ಕಾಣುವಂತೆ ಹಚ್ಚುವ ತೆಳುಬಣ್ಣದ ಸ್ವಭಾವವೇ ಬೇರೆ. ಬರಿಗಣ್ಣಿಗೆ ಬೀಳದ ಗೀರು ಅದರಿಂದ ಕಪ್ಪುಗೆರೆಯಾಗಿ ಎದ್ದು ನಿಲ್ಲುತ್ತದೆ. ಒರೆಸದೆ ಉಳಿದ ಅಂಟು ಬಿಳಿಚಿದ ಕಲೆಯಾಗುತ್ತದೆ. ಬಿಡಿಭಾಗಗಳ ಕಿಟ್ ತರಿಸಿ ಟೊಳ್ಳು ಒಡಲಿನ ಗಿಟಾರನ್ನು ಸಿದ್ಧಪಡಿಸುವವರು ಇದನ್ನು ಚೆನ್ನಾಗಿ ಬಲ್ಲರು.

ಗಿಟಾರು ಪಶ್ಚಿಮದ ವಾದ್ಯವಾದರೂ ನಮ್ಮ ಸಂಗೀತಕ್ಕೆ ಪರಕೀಯವಾಗಿ ಉಳಿದಿಲ್ಲ. 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮಾ ಅವರ ಸಂತೂರ್ ಹಾಗೂ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನೊಡನೆ ಬ್ರಿಜಭೂಷಣ ಕಾಬ್ರಾ ಅವರ ಗಿಟಾರು ನುಡಿದಿದೆ. ಅಮೆರಿಕದ ಕಲಮಜೂ ನಗರದಲ್ಲಿ ಗಿಬ್ಸನ್ ಸಂಸ್ಥೆ 1922ರಲ್ಲಿ ಹೊರತಂದ ಎಲ್-5 ಗಿಟಾರಿಗೆ ಪಿಟೀಲಿನಂತೆ ಎಫ್ ಆಕಾರದ ರಂಧ್ರಗಳಿದ್ದವು. ಅದರ ಮೇಲ್ಮೈಯನ್ನು ಘನಮರದಲ್ಲಿ ಕೆತ್ತಲಾಗಿತ್ತು. ಅದೇ ಸಂಸ್ಥೆಯ 1949ರ ಇಎಸ್-175 ಗಿಟಾರಿನ ಒಡಲನ್ನು ಮೇಪಲ್ ಮರದ ತೆಳುಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ರೂಪಿಸಲಾಯಿತು. ಇಂದಿನ ಕಿಟ್ಟುಗಳ ಒಡಲು ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಹೊರಪದರವು ಎಷ್ಟೋ ವೇಳೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅತಿಯಾಗಿ ಉಜ್ಜಿದರೆ ಅಡ್ಡ ಎಳೆಯ ಒಳಪದರ ಬಯಲಾಗುತ್ತದೆ. ಹೋದ ಪದರ ಮರಳಿ ಬಾರದು.

ಧಾರವಾಡದ ಕಡೆಯ ವೃದ್ಧ ಬಡಗಿಯೊಬ್ಬರ ಮಗ ಇಂಥದೊಂದು ಕಿಟ್ ತರಿಸಿದ್ದನು. ತಂದೆ ತೇಗದ ಬಾಗಿಲು, ಚೌಕಟ್ಟುಗಳಿಗೆ ನಲವತ್ತು ವರ್ಷ ರಂದಾ ಹೊಡೆದವರು. ಈಗ ಕೈ ನಡುಗುತ್ತಿತ್ತು. ಕೆಲಸಕ್ಕೆ ಕರೆಯುವವರು ಇರಲಿಲ್ಲ. ಅವರು ಆಸೆಯಿಂದ ಪಾಲಿಶ್ ಪೇಪರನ್ನು ಎತ್ತಿಕೊಂಡಾಗ ಮಗನು ಗಿಟಾರನ್ನು ತನ್ನತ್ತ ಸೆಳೆದುಕೊಂಡನು. “ಬೇಡ ಅಪ್ಪಾ, ಇದು ತೇಗದ ಹಲಗೆಯಲ್ಲ” ಎಂದನು. ತಂದೆ ಮರುಮಾತಾಡದೆ ಕಟ್ಟೆಯ ಮೇಲೆ ಹೋಗಿ ಕುಳಿತರು.

ಕುತ್ತಿಗೆ ಕೂಡುವ ಸಂದಿನ ಬಳಿ ಮಗನಿಗೊಂದು ಹೊಳಪಿನ ಕಲೆ ಕಂಡಿತು. ಅದನ್ನು ತೊಲಗಿಸಲೆಂದು ಅದೊಂದೇ ಜಾಗವನ್ನು ಬೆರಳೊತ್ತಿ ಉಜ್ಜತೊಡಗಿದನು. ಕಟ್ಟೆಯಲ್ಲಿದ್ದ ತಂದೆಗೆ ಸದ್ದಿನಿಂದಲೇ ವಿಷಯ ತಿಳಿಯಿತು. “ಸಾಕು ತಮ್ಮಾ, ನಿಲ್ಲಿಸು” ಎನ್ನುತ್ತ ಎದ್ದು ಬಂದರು. ಒದ್ದೆಬಟ್ಟೆಯಿಂದ ಆ ಜಾಗವನ್ನು ಒರೆಸಿದರು. ಸುತ್ತಲ ಮರ ನೀರು ಕುಡಿದು ಕಪ್ಪಾಯಿತು. ಕಲೆ ಮಾತ್ರ ಹಾಗೆಯೇ ಉಳಿಯಿತು. ಅದು ಅಂಟು. ಮರವನ್ನು ಸವೆಸದೆ, ಬ್ಲೇಡಿನ ಅಂಚಿನಿಂದ ಅಂಟನ್ನಷ್ಟೇ ಕೆರೆಯಬೇಕೆಂದು ಅವರು ಹೇಳಿದರು. ಒಡಲು ಒಣಗಿದ ಬಳಿಕ ಪೆನ್ಸಿಲಿನಿಂದ ತಿಳಿಗೆರೆಗಳನ್ನು ಎಳೆದರು. ನಡುಗುವ ಕೈ ಎಳೆದ ಗೆರೆಗಳು ಡೊಂಕಾಗಿದ್ದವು. “ಗೆರೆ ಅಳಿಯುವವರೆಗೆ ಉಜ್ಜು, ಅಳಿದ ಮೇಲೆ ಕೈ ಎತ್ತು” ಎಂದರು. ಮಗನು ದೀಪವನ್ನು ತಂದೆಯ ಕೈಗೆ ಕೊಟ್ಟನು. ಅವರು ಅದನ್ನು ಓರೆಯಾಗಿ ಹಿಡಿದು ಗೀರುಗಳನ್ನು ತೋರಿಸುತ್ತಾ ಹೋದರು, ಮಗನು ಉಜ್ಜುತ್ತಾ ಹೋದನು.

ಇಲ್ಲಿ ಕ್ರಮವೇ ಮುಖ್ಯ. 180ರ ಕಾಗದ, ಬಳಿಕ 220, ಅಗತ್ಯವಿದ್ದರೆ 320. ಎಲ್ಲವೂ ಮರದ ಎಳೆಯ ದಿಕ್ಕಿನಲ್ಲಿಯೇ. ಒರಟು ಕಾಗದದ ಗೀರನ್ನು ಮುಂದಿನ ಕಾಗದ ಅಳಿಸಬೇಕು. ನಡುವೆ ಒಂದನ್ನು ಹಾರಿದರೆ ಬಣ್ಣ ಅದನ್ನು ಹೇಳಿಬಿಡುತ್ತದೆ. ಇನ್ನೂ ನುಣುಪಾಗಲೆಂದು ಮಿತಿಮೀರಿ ಉಜ್ಜಿದರೆ ಮರವು ಬಣ್ಣವನ್ನು ಸರಿಯಾಗಿ ಹೀರದು. ಒದ್ದೆಬಟ್ಟೆಗೆ ಎದ್ದ ನವಿರನ್ನು ಒಣಗಿದ ಮೇಲೆ ಹಗುರವಾಗಿ ತೆಗೆಯಬೇಕು. ಕುತ್ತಿಗೆಗೆ ಅಂಟು ಹಿಡಿಯಬೇಕಾದ ಜಾಗಕ್ಕೆ ಬಣ್ಣ ತಾಗದಂತೆ ಟೇಪು ಅಂಟಿಸಬೇಕು. ಎಫ್ ರಂಧ್ರಗಳ ಮೂಲಕ ಒಳಸೇರಿದ ಪುಡಿಯನ್ನು ಹೊರತೆಗೆಯಬೇಕು.

ಉಜ್ಜುವುದು ಶ್ರಮ, ನಿಲ್ಲಿಸುವುದು ವಿವೇಕ. ಮೊದಲನೆಯದಕ್ಕೆ ತೋಳಿನ ಬಲ ಸಾಕು. ಎರಡನೆಯದು ಬಹುಕಾಲದ ಕಾಯಕದಿಂದ ಬರುವಂಥದು. ಕೈ ಸೋತ ಮೇಲೂ ಅದು ಕಿವಿಯಲ್ಲಿ ಉಳಿದಿರುತ್ತದೆ. ಮನೆಯ ಹಿರಿಯರ ಕೈಯಿಂದ ಉಪಕರಣವನ್ನು ಕಸಿದುಕೊಳ್ಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.