ಕಾಗದದ ನಾರು ಯಾವ ಕಡೆ?

ಮಕ್ಕಳೇ, ನಾನು ಹಿಂದೆ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಮಕ್ಕಳು ಮಳೆ ಅಳೆಯುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ, ಎಷ್ಟು ಮಿಲಿಮೀಟರ್ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. 2014ರಿಂದ 2018ರವರೆಗೆ ಐದು ನೋಟ್‌ಬುಕ್ ತುಂಬಿದವು. ಪಿನ್ನು ತುಕ್ಕು ಹಿಡಿದು ಹಾಳೆಗಳು ಕಳಚತೊಡಗಿದಾಗ, ಎಲ್ಲವನ್ನೂ ಸೇರಿಸಿ ಒಂದೇ ಪುಸ್ತಕ ಮಾಡೋಣ ಎಂದು ನಾನೇ ಕುಳಿತೆ. ಬೆನ್ನಿಗೆ ಧಾರಾಳವಾಗಿ ಬಿಳಿ ಗೋಂದು ಬಳಿದೆ, ರಟ್ಟು ಕೂರಿಸಿದೆ, ಮೇಲೆ ಬಣ್ಣದ ಕಾಗದ ಅಂಟಿಸಿದೆ.

ಮರುದಿನ ನೋಡಿದರೆ ರಟ್ಟು ಹಪ್ಪಳದಂತೆ ಸೊಟ್ಟಗಾಗಿತ್ತು. ಪುಸ್ತಕ ಪೂರ್ತಿ ತೆರೆಯುತ್ತಲೂ ಇರಲಿಲ್ಲ. ಅಂಚಿನ ಅಂಕಿಗಳು ಗೋಂದಿನೊಳಗೆ ಸೇರಿಹೋಗಿದ್ದವು.

ಪೇಟೆಯಲ್ಲಿ ಕೈಯಿಂದಲೇ ಪುಸ್ತಕಕ್ಕೆ ರಟ್ಟು ಕಟ್ಟುವ ಹಿರಿಯರೊಬ್ಬರಿದ್ದರು. ಅವರು ಅದನ್ನು ತಿರುಗಿಸಿ ನೋಡಿ, “ಮೇಷ್ಟ್ರೇ, ಕಾಗದದ ನಾರು ಯಾವ ಕಡೆ ಅಂತ ನೋಡಿದ್ರಾ?” ಎಂದು ಕೇಳಿದರು. ನಾನು ಎಂ.ಎಸ್ಸಿ. ಓದಿದವನು. ಕಾಗದವೆಂದರೆ ಸೆಲ್ಯುಲೋಸ್ ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಈ ಪ್ರಶ್ನೆ ಮಾತ್ರ ಹೊಳೆದೇ ಇರಲಿಲ್ಲ.

ಕಾರ್ಖಾನೆಯಲ್ಲಿ, ನೀರಿನಲ್ಲಿ ಕದಡಿದ ನಾರುಗಳನ್ನು ಓಡುವ ಜಾಲರಿಯ ಮೇಲೆ ಹರಿಸುತ್ತಾರೆ. ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನೆನೆದಾಗ ನಾರು ದಪ್ಪವಾಗುತ್ತದೆ, ಉದ್ದ ಹೆಚ್ಚುವುದು ತೀರ ಕಡಿಮೆ. ಹಾಗಾಗಿ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನನ್ನ ಬಣ್ಣದ ಕಾಗದ ಕುಗ್ಗುತ್ತಾ ರಟ್ಟನ್ನೂ ಎಳೆದುಕೊಂಡಿತ್ತು. ನಾರು ಪುಸ್ತಕದ ಬೆನ್ನಿನ ಉದ್ದಕ್ಕೆ ಇರಬೇಕು. ರಟ್ಟಿನ ಒಳಬದಿಗೂ ಕಾಗದ ಅಂಟಿಸಬೇಕು. ಆಗ ಎರಡೂ ಕಡೆಯ ಎಳೆತ ಸರಿಹೋಗುತ್ತದೆ.

ನೀವೂ ಮಾಡಿ ನೋಡಿ. ತೆಳು ಕಾಗದದ ಒಂದು ಚೌಕ ಕತ್ತರಿಸಿ, ಮೆಲ್ಲಗೆ ನೀರಿನ ಮೇಲೆ ತೇಲಿಬಿಡಿ. ಕೆಳಬದಿ ಮೊದಲು ನೆನೆದು ಹಿಗ್ಗುವುದರಿಂದ ಕಾಗದ ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆಯ ಉದ್ದ ಯಾವ ಕಡೆಗೋ ನಾರೂ ಆ ಕಡೆಗೆ. ಬೇಗ ನೋಡಿ, ಪೂರ್ತಿ ನೆನೆದರೆ ಮತ್ತೆ ಚಪ್ಪಟೆಯಾಗುತ್ತದೆ!

ಮುಂದಿನ ನಾಲ್ಕು ಭಾನುವಾರ ಅವರ ಬಳಿ ಕೂತು ಕಲಿತೆ. ಹಾಳೆಗಳನ್ನು ಕೆಲವು ಕೆಲವಾಗಿ ಒಟ್ಟಿಗೆ ಮಡಿಸಿ, ಮಡಿಕೆಯ ಒಳಗಿನಿಂದ ಮೇಣ ಸವರಿದ ದಾರದಲ್ಲಿ ಹೊಲಿಯುವುದು. ಹೀಗೆ ಹೊಲಿದ ಪುಸ್ತಕ ಮೇಜಿನ ಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ. ನನ್ನ ಹೊಲಿಗೆ ಮೊದಮೊದಲು ಗೋಣಿಚೀಲದ ಬಾಯಿ ಹೊಲಿದಂತಿತ್ತು. ಅಂಟಿಗೆ ಮೈದಾ ಗಂಜಿ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕಾಯಿಸಿದರೆ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬತೊಡಗುತ್ತವೆ, ಗಂಜಿ ಗಟ್ಟಿಯಾಗುತ್ತದೆ. ಹುಳು, ಬೂಷ್ಟು ಬಾರದಿರಲೆಂದು ಅವರು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ನೀವು ಮುಟ್ಟಬೇಡಿ.

ಗಂಜಿಗೆ ಇನ್ನೊಂದು ಗುಣವಿದೆ. ಒದ್ದೆ ಮಾಡಿದರೆ ಬಿಟ್ಟುಕೊಳ್ಳುತ್ತದೆ, ಮುಂದೆ ಯಾರಾದರೂ ಪುಸ್ತಕ ಬಿಚ್ಚಿ ಮತ್ತೆ ಕಟ್ಟಬಹುದು. ಒಣಗಿದ ಬಿಳಿ ಗೋಂದು ಹಾಗಲ್ಲ. ನನ್ನ ಗೋಂದನ್ನು ಬಿಡಿಸುವಾಗ ಅವರು ಎಷ್ಟು ಜಾಗ್ರತೆ ವಹಿಸಿದರೂ ಕೆಲವು ಹಾಳೆಗಳ ಅಂಚು ಹರಿಯಿತು. 2016ರ ಜೂನ್ ತಿಂಗಳ ಒಂದು ಸಾಲಿನಲ್ಲಿ ಮೊದಲ ಅಂಕಿಯ ಎಡಭಾಗ ಹೋಯಿತು. ಅದು 34 ಮಿಲಿಮೀಟರೋ, 84 ಮಿಲಿಮೀಟರೋ? ಆ ದಿನ ಬರೆದ ಹುಡುಗಿ ಆಗಲೇ ಹೈಸ್ಕೂಲು ಸೇರಿದ್ದಳು. ಹೋಗಿ ಕೇಳಿದೆ.

“ನೆನಪಿಲ್ಲ ಸಾರ್. ಬರೆದಿಟ್ಟಿದ್ದೆನಲ್ಲ!” ಎಂದಳು.

ಪುಸ್ತಕ ಈಗಲೂ ಆ ಶಾಲೆಯ ಕಪಾಟಿನಲ್ಲಿದೆ. ಆ ಸಾಲಿನ ಪಕ್ಕ ನಾನು ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.