ಪಟ್ಟಿಯಲ್ಲಿ ಇಲ್ಲದ ಇಂಗ್ಲಿಷು

ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರ ರೈಟರ್ ಮಗಳು ನರ್ಸಿಂಗ್ ಪದವಿ ಮುಗಿಸಿ, ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮನಸ್ಸು ಮಾಡಿದಾಗ ಮನೆಗೆ ಮೊದಲು ಬಂದದ್ದು ಮೂರು ಸಾವಿರ ಇಂಗ್ಲಿಷ್ ಪದಗಳ ಒಂದು ದಪ್ಪ ಪುಸ್ತಕ. ದಿನಕ್ಕೆ ಐವತ್ತು ಪದದಂತೆ ಎರಡು ತಿಂಗಳಲ್ಲಿ ಮುಗಿಸುವ ಲೆಕ್ಕ. ಬೆಳಿಗ್ಗೆ ಉರು ಹೊಡೆದದ್ದರಲ್ಲಿ ಸಂಜೆಗೆ ಅರ್ಧ ಉಳಿಯುತ್ತಿತ್ತು. ಭಾನುವಾರದ ಹೊತ್ತಿಗೆ ಅದೂ ಇಲ್ಲ.

ಐಇಎಲ್‌ಟಿಎಸ್ ಪರೀಕ್ಷೆಯ ಶುಲ್ಕ 15 ಸಾವಿರ ರೂಪಾಯಿಯನ್ನು ಮೀರುತ್ತದೆ. ತೋಟದ ಸಂಬಳದಲ್ಲಿ ಅದನ್ನು ಎರಡು ಸಲ ಕಟ್ಟುವುದು ಸುಲಭವಲ್ಲ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಓದು, ಆಲಿಸುವಿಕೆ, ಮಾತು ಈ ಮೂರರಲ್ಲಿ 9ಕ್ಕೆ 7 ಬರಬೇಕು, ಬರವಣಿಗೆಯಲ್ಲಿ 6.5. ಬಂದ ಅಂಕವೂ ಎರಡೇ ವರ್ಷದ ಬಾಳಿಕೆಯದು. ಆದ್ದರಿಂದ ಆ ಮನೆಯಲ್ಲಿ ಪದಗಳೆಂದರೆ ಆಟದ ಮಾತಾಗಿರಲಿಲ್ಲ.

ಇಂಥ ಪಟ್ಟಿಗಳ ಬೇರು ಬೇರೆ ಕಡೆ ಇದೆ. ಅಮೆರಿಕದ ಜಿಆರ್‌ಇ ಪರೀಕ್ಷೆಯಲ್ಲಿ ಒಂದು ಕಠಿಣ ಪದ ಕೊಟ್ಟು ಅದರ ವಿರುದ್ಧಾರ್ಥಕ ಯಾವುದೆಂದು ಕೇಳುತ್ತಿದ್ದರು. ಅದಕ್ಕೆ ಬಾಯಿಪಾಠವೇ ದಾರಿಯಾಗಿತ್ತು. 2011ರಲ್ಲಿ ಆ ಪ್ರಶ್ನೆಗಳನ್ನು ಅಲ್ಲಿಯೇ ತೆಗೆದುಹಾಕಿದರು. ಪಟ್ಟಿ ಮಾತ್ರ ಊರೂರಿಗೆ ಹರಡಿ, ಪದದ ಅರ್ಥವನ್ನು ನೇರವಾಗಿ ಕೇಳದ ಐಇಎಲ್‌ಟಿಎಸ್ ಮಕ್ಕಳ ಕೈಗೂ ಬಂದು ಕೂತಿತು. ಈ ಪರೀಕ್ಷೆಯಲ್ಲಿ ಮಾತು ಮತ್ತು ಬರವಣಿಗೆಗೆ ಅಂಕ ಕೊಡುವ ನಾಲ್ಕು ಅಳತೆಗೋಲುಗಳಲ್ಲಿ ಪದಸಂಪತ್ತು ಒಂದು. 7 ಬರಬೇಕಾದರೆ ಅಪರೂಪದ ಪದ ಬಳಸಿದರೆ ಸಾಲದು. ಯಾವ ಪದ ಯಾವುದರ ಜೊತೆ ಕೂರುತ್ತದೆ ಎಂಬ ತಿಳಿವಳಿಕೆಯೂ ಕಾಣಬೇಕು.

ಕೊಡಗಿನವರಿಗೆ ಇದನ್ನು ವಿವರಿಸಲು ಮಳೆ ಮತ್ತು ಕಾಫಿಯೇ ಸಾಕು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಕಾಫಿ ‘ಸ್ಟ್ರಾಂಗ್’. ತಿರುಗಿಸಿ ಸ್ಟ್ರಾಂಗ್ ರೇನ್, ಹೆವಿ ಕಾಫಿ ಎಂದರೆ ಅರ್ಥವೇನೋ ಆಗುತ್ತದೆ, ಕಿವಿಗೆ ಒಗ್ಗುವುದಿಲ್ಲ. ಕನ್ನಡದಲ್ಲೂ ಹಾಗೆಯೇ: ಮಳೆ ಜೋರು, ಕಾಫಿ ಗಟ್ಟಿ. ಗಟ್ಟಿ ಮಳೆ ಎಂದು ಯಾರೂ ಅನ್ನುವುದಿಲ್ಲ, ಅದನ್ನು ಯಾರೂ ಕಲಿಸಿಯೂ ಇಲ್ಲ.

ಹುಡುಗಿಯ ಮಟ್ಟಿಗೆ ಕಣ್ಣು ತೆರೆಸಿದ್ದು ಮಡಿಕೇರಿಯ ಒಬ್ಬ ನಿವೃತ್ತ ಮೇಷ್ಟ್ರು. ಪರೀಕ್ಷಕರಂತೆ ಎದುರು ಕೂತು ಇಂಗ್ಲಿಷಿನಲ್ಲಿ ಮಾತಿಗೆಳೆದರು. ಅಪ್ಪ ಏನು ಮಾಡುತ್ತಾರೆ ಎಂದದ್ದಕ್ಕೆ ಅವಳು ತಡವರಿಸದೆ ‘ಮೈ ಫಾದರ್ ಈಸ್ ಎ ರೈಟರ್’ ಎಂದಳು. ‘ಹೌದೆ? ಯಾವ್ಯಾವ ಪುಸ್ತಕ ಬರೆದಿದ್ದಾರೆ?’ ಎಂದು ಮೇಷ್ಟ್ರು ಮುಖ ಗಂಭೀರವಾಗಿಟ್ಟುಕೊಂಡೇ ಕೇಳಿದರು. ತೋಟದ ರೈಟರ್ ಅಂದರೆ ಆಳುಗಳ ಹಾಜರಿ, ಚೆಕ್‌ರೋಲು, ಲೆಕ್ಕಪತ್ರ ನೋಡುವವರು ಎಂದು ಅವರಿಗೆ ಗೊತ್ತಿಲ್ಲದ್ದಲ್ಲ. ಲಂಡನ್ನಿನವರಿಗೆ ಗೊತ್ತಿಲ್ಲ, ಅಷ್ಟೆ.

‘ಅಪ್ಪಾ, ನಿಮ್ಮನ್ನು ಸಾಹಿತಿ ಮಾಡಿಬಿಟ್ಟೆ’ ಎಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಅವರು ನಕ್ಕರು. ‘ಹಾಗಾದ್ರೆ ಚೆರ್ರಿ ಅಂದ್ರೂ ಅವರಿಗೆ ಬೇರೆಯೇ ಹಣ್ಣು ಅಲ್ವಾ ಮಗಳೇ?’ ಎಂದರು.

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಪಲ್ಪರ್, ಪಾರ್ಚ್‌ಮೆಂಟ್, ಬ್ಲಾಸಂ ಶವರ್, ಬ್ಯಾಕಿಂಗ್ ಶವರ್ ಇವನ್ನು ತೋಟದಲ್ಲಿ ಯಾರೂ ಉರು ಹೊಡೆದು ಕಲಿತದ್ದಲ್ಲ. ಹೂ ಅರಳಿಸುವ ಮೊದಲ ಮಳೆ, ಕಾಯಿ ಕಟ್ಟಿಸುವ ಮುಂದಿನ ಮಳೆ ಎಂದು ಆಕಾಶ ನೋಡುತ್ತ ಕೂತವರ ಬಾಯಿಗೆ ಪದ ತಾನಾಗಿ ಬಂತು. ಅಕ್ಷರ ತಿಳಿಯದವರೂ ಅವನ್ನು ತಪ್ಪಿಲ್ಲದೆ ಬಳಸುತ್ತಾರೆ. ಹೊರಗಿನವರಿಗೆ ಬಿಡಿಸಿ ಹೇಳುವುದೊಂದೇ ಬಾಕಿ.

ಇದೇ ಜಿಲ್ಲೆಯಲ್ಲಿ ಕೆಲಕಾಲ ಇದ್ದ ಜರ್ಮನಿಯ ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮ್ಮನೆ ಅರ್ಥ ಬರೆದು ಮುಂದೆ ಹೋಗಲಿಲ್ಲ. ಎಷ್ಟೋ ಪದಗಳ ಜೊತೆ ಪ್ರಯೋಗವನ್ನೂ ಗಾದೆಯನ್ನೂ ಕೊಟ್ಟರು.

ಹುಡುಗಿಯ ಹೊಸ ನೋಟುಬುಕ್ಕೂ ಆ ಜಾಡಿನದೇ. ದಿನಕ್ಕೆ ಎಂಟು ಪದ ಮಾತ್ರ. ಪ್ರತಿ ಪದಕ್ಕೂ ಅದರ ಜೊತೆಗಾರ ಪದ, ತನ್ನ ಕಣ್ಣಿಗೆ ಬಿದ್ದ ಸಂಗತಿಯ ಮೇಲೆ ಒಂದು ವಾಕ್ಯ. ಮರುದಿನ, ಮೂರನೆಯ ದಿನ, ವಾರ ಕಳೆದು ಮತ್ತೆ ಪುಟ ಮುಚ್ಚಿ ನೆನಪಿಸಿಕೊಳ್ಳುವುದು. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಸೋರಿಹೋಗುತ್ತದೆಂದು ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ತೋರಿಸಿದ್ದರು. ಪದಗಳನ್ನು ಆರಿಸಲು ಮೇಷ್ಟ್ರು ಹೇಳಿದ್ದು ನ್ಯೂಜಿಲೆಂಡಿನ ಎವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿ. ವಿಶ್ವವಿದ್ಯಾಲಯದ ಓದಿನಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳಷ್ಟೇ ಅದರಲ್ಲಿವೆ. ದಪ್ಪ ಪುಸ್ತಕ ಮಾರುವವರಿಗೆ ಇದು ರುಚಿಸದ ಮಾತು.

ಮಾತಿನ ಪರೀಕ್ಷೆಯ ಎರಡನೆಯ ಭಾಗದಲ್ಲಿ ಒಂದು ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಮರೆಯಲಾಗದ ಘಟನೆ ಎಂದಾಗ ಅವಳು ಆರಿಸಿಕೊಂಡದ್ದು 2018ರ ಆಗಸ್ಟ್. ಗುಡ್ಡಗಳು ಜರಿದು ಬಂದ ಆ ದಿನಗಳನ್ನು ಹೇಳುವಾಗ ಲ್ಯಾಂಡ್‌ಸ್ಲೈಡ್, ಇವ್ಯಾಕ್ಯುಯೇಟ್, ಡಿಸ್‌ಪ್ಲೇಸ್ಡ್, ರಿಹ್ಯಾಬಿಲಿಟೇಷನ್ ಎಲ್ಲ ಎಡವದೆ ಬಂದವು. ಇವು ಸಣ್ಣ ಪದಗಳೇನಲ್ಲ. ಆದರೆ ಇವುಗಳ ಹಿಂದೆ ಪರಿಹಾರ ಕೇಂದ್ರದಲ್ಲಿ ಚಾಪೆ ಹಾಸಿ ಮಲಗಿದ್ದ ನೆಂಟರಿದ್ದರು.

ತಂದೆತಾಯಿಗೆ ಇಂಗ್ಲಿಷ್ ಬರದಿದ್ದರೆ ಏನು ಮಾಡುವುದು ಎಂದು ಕೇಳುವವರುಂಟು. ಈ ಮನೆಯಲ್ಲಿ ಅಮ್ಮ ಮಾಡುವುದಿಷ್ಟೇ: ನೋಟುಬುಕ್ಕು ಹಿಡಿದು, ಹಿಂದಿನ ವಾರದ ಒಂದು ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸುತ್ತಾರೆ. ಹುಡುಗಿ ಗೊಂದಲಪಟ್ಟರೆ ಆ ಪದ ಇನ್ನೂ ಬಂದಿಲ್ಲವೆಂದೇ ಲೆಕ್ಕ.

ಪರೀಕ್ಷೆಗೆ ಮೂರು ವಾರವಿದೆ. ಮಾತಿನ ಭಯ ಹೋಗಿದೆ. ಬರವಣಿಗೆಯಲ್ಲಿ 60 ನಿಮಿಷಕ್ಕೆ ಎರಡು ಉತ್ತರ, ಒಂದು 150 ಪದಕ್ಕೆ, ಇನ್ನೊಂದು 250 ಪದಕ್ಕೆ ಕಡಿಮೆಯಾಗಬಾರದು. ಎರಡನೆಯದು ಇನ್ನೂ ಹೊತ್ತಿಗೆ ಸರಿಯಾಗಿ ಮುಗಿಯುತ್ತಿಲ್ಲ. ಸಂಜೆ ಚೆಕ್‌ರೋಲು ಬರೆದು ಮುಗಿಸಿದ ಮೇಲೆ ಅಪ್ಪ ಗಡಿಯಾರ ಹಿಡಿದು ಎದುರಿಗೆ ಕೂರುತ್ತಾರೆ.