ಅರ್ಸಿ ಸೀಮೆಯಲ್ಲಿ ಪಾಠ ಮತ್ತು ಓಟ

ಪರದೇಶದಲ್ಲಿ ಉಪಾಧ್ಯಾಯ ವೃತ್ತಿ ನಡೆಸಿ ಬಂದವನನ್ನು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಸಂಬಳ ಎಷ್ಟು ಬರುತ್ತಿತ್ತು, ಊಟಕ್ಕೆ ಏನು ಮಾಡಿಕೊಂಡಿರಿ? ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿದ್ದು ಬೇರೆ. ಅನ್ಯ ನೆಲದಲ್ಲಿ ಪಾಠ ಹೇಳುವವನು ಆ ನೆಲಕ್ಕೆ ಹೊಂದಿಕೊಳ್ಳುವುದು ಹೇಗೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ತಿಳಿಯುವಂತೆ ಬರೆಯಬೇಕೆಂದು ಅವರು ಅಪ್ಪಣೆ ಮಾಡಿದರು. ಇಥಿಯೋಪಿಯ ದೇಶದ ಅರ್ಸಿ ಸೀಮೆಯಲ್ಲಿ 2007ರಿಂದ 2011ರವರೆಗೆ ಗಣಿತ ಬೋಧಿಸಿದ ನನಗೆ ಇದಕ್ಕೆ ಉತ್ತರ ಅರ್ಧ ತರಗತಿಯಲ್ಲಿ ದೊರೆಯಿತು. ಉಳಿದರ್ಧ ಬೆಳಗಿನ ಓಟದಲ್ಲಿ ದೊರೆಯಿತು.

ಆ ದೇಶಕ್ಕೆ ಭಾರತದ ಉಪಾಧ್ಯಾಯ ಹೊಸಬನಲ್ಲ. 1936ರಿಂದ 1941ರವರೆಗಿನ ಇಟಲಿಯ ಆಕ್ರಮಣ ಕಾಲದಲ್ಲಿ ಇಥಿಯೋಪಿಯ ತನ್ನ ವಿದ್ಯಾವಂತ ತರುಣರಲ್ಲಿ ಬಹುಮಂದಿಯನ್ನು ಕಳೆದುಕೊಂಡಿತು. ಮುಂದೆ ಶಾಲೆಗಳನ್ನು ಮತ್ತೆ ಕಟ್ಟಲು ಹೊರಟ ಚಕ್ರವರ್ತಿ ಹೈಲೆ ಸೆಲಾಸಿಯವರು ಹೊರನಾಡುಗಳಿಂದ ಶಿಕ್ಷಕರನ್ನು ಕರೆಸಿಕೊಂಡರು. ಅವರಲ್ಲಿ ಭಾರತೀಯರು, ವಿಶೇಷವಾಗಿ ಕೇರಳದವರು, ದೊಡ್ಡ ಸಂಖ್ಯೆಯಲ್ಲಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಹೊಸ ವಿಶ್ವವಿದ್ಯಾಲಯಗಳು ತೆರೆದಾಗ ಮತ್ತೊಮ್ಮೆ ನಮ್ಮವರಿಗೆ ಕರೆ ಬಂದಿತು. ಅಸೆಲ್ಲ ಪಟ್ಟಣದ ಹಿರಿಯರು ತಮಗೆ ಹೈಸ್ಕೂಲಿನಲ್ಲಿ ಕಲಿಸಿದ ಭಾರತೀಯ ಗುರುಗಳನ್ನು ನೆನೆದು, ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕುಶಲ ಕೇಳುತ್ತಿದ್ದರು. ಹಿಂದಿನವರು ಗಳಿಸಿಟ್ಟ ಮರ್ಯಾದೆಯ ಫಲವನ್ನು ನಾವು ಉಂಡೆವು.

ಹೊಂದಿಕೆಯಲ್ಲಿ ಸುಲಭವಾದ ಭಾಗ ಅನ್ನದ್ದು. ಅಲ್ಲಿಯ ಮುಖ್ಯ ಆಹಾರ ಇಂಜೆರ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿಯಿಟ್ಟು, ನಮ್ಮ ದೋಸೆಯಂತೆ ಹುಯ್ದು, ಒಂದೇ ಮಗ್ಗುಲಲ್ಲಿ ಬೇಯಿಸುತ್ತಾರೆ. ಅಲ್ಲಿಯ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಮಾಂಸವನ್ನಷ್ಟೇ ಅಲ್ಲದೆ ಹಾಲು ಬೆಣ್ಣೆಗಳನ್ನೂ ಬಿಟ್ಟು ಉಪವಾಸ ಆಚರಿಸುವುದರಿಂದ ಸಸ್ಯಾಹಾರ ಅಲ್ಲಿ ಯಾರಿಗೂ ವಿಚಿತ್ರವಲ್ಲ. ಕಡಲೆಹಿಟ್ಟಿನ ಶಿರೋ ಎಂಬ ವ್ಯಂಜನವಂತೂ ನಮ್ಮ ಝುಣಕದ ದಾಯಾದಿ. ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಉಣ್ಣುವ ಪದ್ಧತಿ. ಪ್ರಸಾದ ನಿಲಯದ ಪಂಕ್ತಿಯಲ್ಲಿ ಉಂಡು ಬೆಳೆದವನಿಗೆ ಅದು ಅಪರಿಚಿತವೆನಿಸಲಿಲ್ಲ.

ಲಿಪಿಯೂ ಸಹಾಯಕ್ಕೆ ಬಂದಿತು. ಅಮ್ಹಾರಿಕ್ ಭಾಷೆಯ ಅಕ್ಷರಮಾಲೆಯಲ್ಲಿ ಪ್ರತಿಯೊಂದು ವ್ಯಂಜನಕ್ಕೂ ಸ್ವರಕ್ಕನುಗುಣವಾಗಿ ಏಳು ರೂಪಗಳಿವೆ. ಕಾಗುಣಿತ ಕಲಿತ ಕನ್ನಡಿಗನಿಗೆ ಅದರ ಕ್ರಮ ಬೇಗ ತಿಳಿಯುತ್ತದೆ. ಗಡಿಯಾರ ಮಾತ್ರ ಬೇರೆ ರೀತಿಯದು. ನಮ್ಮ ಪೂರ್ವಿಕರು ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದಂತೆ ಅವರು ಹಗಲಿನ ಗಂಟೆಗಳನ್ನು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ.

ಕಷ್ಟವಾದದ್ದು ತರಗತಿ. ಅರ್ಸಿಯ ಬಹುಪಾಲು ವಿದ್ಯಾರ್ಥಿಗಳ ಮನೆಮಾತು ಒರೊಮೊ. 1994ರ ಶಿಕ್ಷಣ ನೀತಿಯಂತೆ ಪ್ರಾಥಮಿಕ ಶಿಕ್ಷಣವನ್ನು ಅವರು ಆ ಭಾಷೆಯಲ್ಲಿಯೇ ಪಡೆದವರು. ಅಮ್ಹಾರಿಕ್ ಎರಡನೆಯದು. ಒಂಬತ್ತನೆಯ ತರಗತಿಯಿಂದ ಬೋಧನೆ ಇಂಗ್ಲಿಷಿನಲ್ಲಿ. ಹೀಗೆ ನನ್ನ ಮುಂದೆ ಕುಳಿತವರು ತಮ್ಮ ಮೂರನೆಯ ಭಾಷೆಯಲ್ಲಿ ಗಣಿತ ಕೇಳುತ್ತಿದ್ದರು. ನಾನು ನನ್ನ ಎರಡನೆಯ ಭಾಷೆಯಲ್ಲಿ ಹೇಳುತ್ತಿದ್ದೆ. ಅರ್ಥವಾಯಿತೇ ಎಂದರೆ ಎಲ್ಲರೂ ವಿನಯದಿಂದ ತಲೆಯಾಡಿಸುವರು. ಆ ವಿನಯದ ಹಿಂದೆ ಎಷ್ಟು ಅರ್ಥವಾಗಿದೆ, ಎಷ್ಟು ಆಗಿಲ್ಲ ಎಂಬುದು ಪರೀಕ್ಷೆಯ ದಿನದವರೆಗೂ ಗುಪ್ತವಾಗಿಯೇ ಉಳಿಯುತ್ತಿತ್ತು.

ಅಸೆಲ್ಲ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಬದಿಯಲ್ಲಿ ಸುಮಾರು 4,000 ಮೀಟರಿನ ಚಿಲಾಲೊ ಪರ್ವತ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದ ಮುಕ್ಕಾಲು ಪಾಲಿನಷ್ಟೇ ಇರುವುದರಿಂದ ಪ್ರತಿ ಉಸಿರಿನಲ್ಲಿಯೂ ಆಮ್ಲಜನಕ ಅಷ್ಟೇ ಕಡಿಮೆ. ಮೊದಲ ವಾರ ಮಹಡಿಯ ತರಗತಿಗೆ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಶರೀರ ಇದಕ್ಕೆ ತಾನೇ ಉಪಾಯ ಮಾಡಿಕೊಳ್ಳುತ್ತದೆ: ಮೊದಲು ಉಸಿರಾಟ ವೇಗವಾಗುತ್ತದೆ; ಅನಂತರ ಮೂತ್ರಪಿಂಡಗಳಿಂದ ಹೊರಡುವ ಒಂದು ರಸದ ಪ್ರೇರಣೆಯಿಂದ ಕೆಲವು ವಾರಗಳಲ್ಲಿ ರಕ್ತದ ಕೆಂಪುಕಣಗಳು ಹೆಚ್ಚುತ್ತವೆ. ನನ್ನ ಏದುಸಿರನ್ನು ಕಂಡ ಕೆಲವು ವಿದ್ಯಾರ್ಥಿಗಳು ಒಂದು ದಿನ, "ಮೆಮ್ಹಿರ್, ನಾಳೆ ಹನ್ನೆರಡು ಗಂಟೆಗೆ ನಮ್ಮೊಡನೆ ಬನ್ನಿ" ಎಂದರು. ಮೆಮ್ಹಿರ್ ಎಂದರೆ ಗುರುಗಳು. ಅವರ ಹನ್ನೆರಡು ನಮ್ಮ ಬೆಳಗಿನ ಆರು ಗಂಟೆ.

ಊರಂಚಿನಲ್ಲಿ ಕತ್ತೆಕಿರುಬಗಳು ಕಾಡಿಗೆ ಮರಳುವ ಹೊತ್ತು ಅದು. ನೀಲಗಿರಿ ತೋಪುಗಳ ನಡುವೆ, ಜವೆ ಮತ್ತು ಗೋಧಿಯ ಹೊಲಗಳ ಬದುವಿನಲ್ಲಿ ಅವರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಓಡುವರು. ಹಿಂದಿನವನು ಮುಂದಿನವನ ಹೆಜ್ಜೆಯನ್ನೇ ಅನುಸರಿಸುತ್ತಾನೆ. ಮುಂದಾಳು ಗಾಳಿಗೆ ಎದೆಯೊಡ್ಡಿ, ಕಲ್ಲುಮುಳ್ಳು ನೋಡಿ ದಾರಿ ತೋರಬೇಕು. ಸ್ವಲ್ಪ ಹೊತ್ತಾದ ಮೇಲೆ ಅವನು ಬದಿಗೆ ಸರಿದು ಸಾಲಿನಲ್ಲಿ ಹಿಂದಕ್ಕೆ ಬರುತ್ತಾನೆ, ಮತ್ತೊಬ್ಬ ಮುಂದಾಗುತ್ತಾನೆ. ಒಬ್ಬಂಟಿಯಾಗಿ ಓಡುವವನನ್ನು ಅವರು ಅಷ್ಟಾಗಿ ಮೆಚ್ಚುವುದಿಲ್ಲ. ದಣಿದವನಿಗೆ "ಐಜೋ" ಎನ್ನುವರು. ಧೈರ್ಯವಾಗಿರು ಎಂಬುದು ಅದರ ಭಾವ. ಮೊದಲ ತಿಂಗಳು ಸಾಲಿನ ಕೊನೆಯಲ್ಲಿದ್ದ ನನಗೆ ಆ ಮಾತು ಹೆಚ್ಚಾಗಿ ಸಲ್ಲುತ್ತಿತ್ತು. ಮೊಟ್ಟೆಯೂ ಮೆಲ್ಲಮೆಲ್ಲನೆ ಕಾಲು ಬಂದು ನಡೆಯುವುದೆಂಬ ಅವರ ಗಾದೆಯನ್ನು ನಾನು ಕಲಿತದ್ದು ಅಲ್ಲಿಯೇ.

ತರಗತಿಯಲ್ಲಿ ಬಾಯಿ ತೆರೆಯದವರು ಓಟದ ಅನಂತರ ನಡೆದು ಮರಳುವಾಗ ತಾವಾಗಿಯೇ ಕೇಳತೊಡಗಿದರು: ನಿನ್ನೆಯ ಪ್ರಮೇಯದಲ್ಲಿ ಎರಡನೆಯ ಸಾಲು ಎಲ್ಲಿಂದ ಬಂದಿತು? ಅವರ ಗುರು ದಣಿಯುವುದನ್ನೂ, ಅವರಿಂದ ಕಲಿಯುವುದನ್ನೂ ಕಂಡ ಮೇಲೆ ಅವರ ಸಂಕೋಚ ಕಳಚಿತ್ತು. ಆ ಸಾಲಿನ ಪದ್ಧತಿಯನ್ನೇ ನಾನು ತರಗತಿಗೆ ತಂದೆ. ಒಂದು ಲೆಕ್ಕವನ್ನು ಒಬ್ಬನು ಕರಿಹಲಗೆಯ ಮೇಲೆ ಕೆಲವು ಸಾಲು ನಡೆಸುವನು, ಅನಂತರ ಸುಣ್ಣದ ಕಡ್ಡಿಯನ್ನು ಮತ್ತೊಬ್ಬನಿಗೆ ಕೊಡುವನು. ವಿವರಣೆ ಯಾವ ಭಾಷೆಯಲ್ಲಾದರೂ ಆಗಲಿ, ಬರವಣಿಗೆ ಇಂಗ್ಲಿಷಿನಲ್ಲಿರಲಿ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದೆ.

ಅರ್ಸಿಯಲ್ಲಿ ಓಟವೆಂಬುದು ಬರಿಯ ವ್ಯಾಯಾಮವಲ್ಲ. 1946ರಲ್ಲಿ ಸ್ವೀಡನ್ನಿನಿಂದ ಇಥಿಯೋಪಿಯಕ್ಕೆ ಬಂದು ನೆಲೆಸಿದ ಒನ್ನಿ ನಿಸ್ಕನೆನ್ ಎಂಬ ಶಿಕ್ಷಕರು ತರಬೇತುಗೊಳಿಸಿದ ಅಬೆಬೆ ಬಿಕಿಲ, 1960ರಲ್ಲಿ ರೋಮ್ ನಗರದಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದಂದಿನಿಂದ ಅದು ಆ ದೇಶದ ಅಭಿಮಾನ. ಶಾಲೆಗೆ ದಿನವೂ 10 ಕಿಲೋಮೀಟರ್ ಓಡುತ್ತಿದ್ದ ಹೈಲೆ ಗೆಬ್ರೆಸೆಲಾಸಿ ಅಸೆಲ್ಲದ ಬಳಿಯವರು. ಪುಸ್ತಕ ಅವುಚಿ ಓಡಿದ ಅಭ್ಯಾಸದಿಂದ ಅವರ ಎಡಗೈ ಕೊನೆಯವರೆಗೂ ಮಡಚಿಕೊಂಡೇ ಇತ್ತು. ದಕ್ಷಿಣಕ್ಕಿರುವ ಬೆಕೋಜಿಯಲ್ಲಿ ಸೆಂತಾಯೆಹು ಎಷೆಟು ಎಂಬ ಪ್ರಾಥಮಿಕ ಶಾಲೆಯ ವ್ಯಾಯಾಮ ಶಿಕ್ಷಕರ ಕೈಯಲ್ಲಿ ದೆರಾರ್ಟು ತುಲು, ಕೆನೆನಿಸಾ ಬೆಕೆಲೆ, ತಿರುನೇಶ್ ದಿಬಾಬಾ ಪಳಗಿದರು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಕ್ಕೆ ಬಂದ ನಾಲ್ಕು ಚಿನ್ನದ ಪದಕಗಳನ್ನೂ ಗೆದ್ದವರು ಬೆಕೆಲೆ ಮತ್ತು ದಿಬಾಬಾ ಇಬ್ಬರೇ.

ಆ ವರ್ಷ ಅರ್ಸಿಯ ಹಾದಿಗಳಲ್ಲಿ ಓಡುವವರು ಇಮ್ಮಡಿಯಾದಂತೆ ನನಗೆ ತೋರಿತು. ನನ್ನ ಎರಡನೆಯ ವರ್ಷದ ತರಗತಿಯ ಒಬ್ಬ ಜಾಣ, ಜವೆ ಬೆಳೆಯುವ ರೈತನ ಮಗ, ಓದು ಬಿಟ್ಟು ಆಡಿಸ್ ಅಬಾಬಕ್ಕೆ ಹೋಗಿ ಕ್ಲಬ್ಬೊಂದಕ್ಕೆ ಸೇರಲೇ ಎಂದು ಒಂದು ಬೆಳಿಗ್ಗೆ ಕೇಳಿದ. ಸಾವಿರಾರು ಮಂದಿ ಓಡುವಲ್ಲಿ ಓಟದಿಂದ ಬದುಕು ಕಟ್ಟಿಕೊಳ್ಳುವವರು ಬೆರಳೆಣಿಕೆಯವರು. ಹಾಗೆಂದು, ಅವನ ಮನೆಯ ಬಡತನವನ್ನು ಬಲ್ಲವನಾಗಿ, ಹೋಗಬೇಡವೆನ್ನಲು ನನ್ನ ನಾಲಗೆ ಏಳಲಿಲ್ಲ. ಹೋಗಿ ನೋಡು, ಆದರೆ ಹೆಸರು ತೆಗೆಸಬೇಡ, ಒಂದು ವರ್ಷದ ರಜೆ ಬರೆದುಕೊಡು ಎಂದೆ. ಅವನು ಹೋದನು. ಉಳಿದ ಗೆಳೆಯರು ಯಾರೂ ಹೇಳದೆಯೇ ಸರದಿಯ ಮೇಲೆ ಅವನಿಗಾಗಿ ಪಾಠಗಳ ಪ್ರತಿ ಬರೆದಿಡತೊಡಗಿದರು. ಎಂಟು ತಿಂಗಳಿಗೆ ಮೊಣಕಾಲಿನ ನೋವಿನಿಂದ ಅವನು ಮರಳಿದಾಗ ಏಳು ನೋಟುಪುಸ್ತಕಗಳು, ಏಳು ಬಗೆಯ ಕೈಬರಹದಲ್ಲಿ, ಅವನಿಗಾಗಿ ಕಾದಿದ್ದವು. ಭಾನುವಾರಗಳಂದು ನಾನು ಅವನ್ನು ಅವನೊಡನೆ ಓದಿದೆ. 2011ರಲ್ಲಿ ಅವನು ಪದವೀಧರನಾಗಿ ಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಶಿಕ್ಷಕನಾದನು.

ನಮ್ಮ ಶರಣರು ದುಡಿಮೆಗೆ ಇಟ್ಟ ಹೆಸರು ಕಾಯಕ. ಆ ಮಾತಿನೊಳಗೆ ಕಾಯವಿದೆ ಎಂಬುದನ್ನು ಚಿಕ್ಕಂದಿನಲ್ಲಿಯೇ ಕೇಳಿದ್ದೆ; ಅದರ ಅರ್ಥ ನನ್ನ ಕಾಲಿಗೆ ಇಳಿದದ್ದು ಅರ್ಸಿಯಲ್ಲಿ. ಶರೀರ ಒಂದು ನೆಲದ ಗಾಳಿಯನ್ನು ಒಪ್ಪಿಕೊಳ್ಳಲು ವಾರಗಳು ಬೇಕು. ಜನ ಒಬ್ಬ ಉಪಾಧ್ಯಾಯನನ್ನು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಎರಡಕ್ಕೂ ದಿನದಿನದ ಅಭ್ಯಾಸವೇ ಔಷಧ.

ಈ ಶಾಲೆಯಲ್ಲಿ ಇಂದು ಓದುತ್ತಿರುವ ಮಕ್ಕಳಲ್ಲಿ ಕೆಲವರು ನಾಳೆ ದೂರದ ನಾಡುಗಳಲ್ಲಿ ಪಾಠ ಹೇಳುವಿರಿ. ಅಲ್ಲಿಯವರು ಎಲ್ಲಿ ನಡೆಯುತ್ತಾರೋ, ಎಲ್ಲಿ ಓಡುತ್ತಾರೋ ಅಲ್ಲಿಗೆ ಹೋಗಿ ಮೊದಲು ಸಾಲಿನ ಹಿಂದೆ ನಿಲ್ಲಿರಿ. ಮುಂದೆ ಬರುವ ಸರದಿ ನಿಮಗೂ ಬರುತ್ತದೆ. ಬಂದಾಗ ಗಾಳಿಗೆ ಎದೆಯೊಡ್ಡಿರಿ.